ಒಂಬತ್ತು ಗಂಟೆಯ ಸಾಲು: ಒಂದು ಅಡಿಕೆ ಟೋಕನ್ ಸರ್ವರಿನ ಪ್ರಕರಣ

ಬೆಳಗ್ಗೆ ಒಂಬತ್ತಕ್ಕೆ ಟೋಕನ್ ತೆರೆಯುತ್ತಿತ್ತು. ಒಂದು ನಿಮಿಷ ಕಳೆಯುವಷ್ಟರಲ್ಲಿ ಪುಟ ಬಿಳಿಯಾಗುತ್ತಿತ್ತು. ಒಂಬತ್ತೂಕಾಲರ ಹೊತ್ತಿಗೆ ಯಾರೂ ಏನೂ ಮಾಡದೆ ಎಲ್ಲವೂ ತಾನಾಗಿ ಸರಿಹೋಗುತ್ತಿತ್ತು. ನಡುವಿನ ಆ ಕಾಲು ಗಂಟೆಯಲ್ಲಿ ಕುಂಬಳೆಯಿಂದ ಮುಳ್ಳೇರಿಯದ ತನಕದ ಬೆಳೆಗಾರರು ಸಂಘದ ಕಚೇರಿಗೆ ಫೋನ್ ಮಾಡಿ ಬೈಯುತ್ತಿದ್ದರು. ಕಾಸರಗೋಡು ಸಪ್ತಭಾಷೆಗಳ ನಾಡು ಎಂದು ಹೆಸರಾದದ್ದು. ಫೋನ್ ಎತ್ತುವ ಗುಮಾಸ್ತೆ ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಕ್ಷಮೆ ಕೇಳುವುದರಲ್ಲಿ ಪಳಗಿಬಿಟ್ಟಿದ್ದರು.

ಸಂಘದ ಹೆಸರು ಇಲ್ಲಿ ಬೇಡ. ಬದಿಯಡ್ಕದ ಆಸುಪಾಸಿನ ಒಂದು ಬೆಳೆಗಾರರ ಸಹಕಾರಿ ಸಂಘ, ಮೂರು ಸಾವಿರದಷ್ಟು ಸದಸ್ಯರು ಎಂದಷ್ಟೇ ತಿಳಿದರೆ ಸಾಕು. ಗೋದಾಮಿನಲ್ಲಿ ದಿನಕ್ಕೆ ನೂರೈವತ್ತು ಮಂದಿಯ ಅಡಿಕೆಯನ್ನು ಮಾತ್ರ ನೋಡಿ, ತೂಗಿ, ಹಣ ಬರೆಯಲು ಸಾಧ್ಯ. ಆದ್ದರಿಂದ ಮರುದಿನದ ನೂರೈವತ್ತು ಟೋಕನ್‌ಗಳನ್ನು ಹಿಂದಿನ ದಿನ ಬೆಳಗ್ಗೆ ಮೊಬೈಲಿನಲ್ಲಿ ಕಾಯ್ದಿರಿಸುವ ಏರ್ಪಾಡು ಮಾಡಿದ್ದರು. ಅದುವರೆಗೆ ಕೌಂಟರಿನಲ್ಲಿ ಕೊಡುತ್ತಿದ್ದ ಟೋಕನ್ ಆ ಬೇಸಗೆಯಲ್ಲಿ ಮೊದಲ ಬಾರಿಗೆ ಮೊಬೈಲಿಗೆ ಬಂದಿತ್ತು. ಮೇ ತಿಂಗಳೆಂದರೆ ಇಲ್ಲಿ ಅವಸರದ ತಿಂಗಳು. ಮಳೆ ಹಿಡಿದರೆ ಗೋಣಿಯಲ್ಲಿರುವ ಚಾಲಿ ಅಡಿಕೆ ತೇವ ಎಳೆದುಕೊಂಡು ಬೂಸಲು ಬರುತ್ತದೆ, ಜೂನಿನಲ್ಲಿ ಮಕ್ಕಳ ಶಾಲೆ ತೆರೆಯುತ್ತದೆ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಕೈಯಲ್ಲಿ ಕಾಸು ಬೇಕಾಗುತ್ತದೆ. ಹೀಗಾಗಿ ಎಲ್ಲರಿಗೂ ಟೋಕನ್ ಬೇಕು, ಎಲ್ಲರಿಗೂ ಒಂಬತ್ತಕ್ಕೇ ಬೇಕು.

ನಾನು ಇದೇ ಊರಿನವನು. ಬೇರೆ ಊರಿನ ಕಂಪನಿಯೊಂದಕ್ಕೆ ಮನೆಯಲ್ಲೇ ಕುಳಿತು ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನಮ್ಮ ತಂದೆಯವರೂ ಆ ಸಂಘದ ಸದಸ್ಯರು. ಮೂರು ದಿನ ಟೋಕನ್ ಸಿಗದೆ ಅವರು ನನ್ನತ್ತ ನೋಡಿದ ನೋಟವೇ ನನಗೆ ಸಿಕ್ಕಿದ ಗುತ್ತಿಗೆ ಪತ್ರ.

ಇದ್ದ ವ್ಯವಸ್ಥೆ

ಬಾಡಿಗೆಗೆ ಪಡೆದ ಎರಡು ವರ್ಚುವಲ್ ಯಂತ್ರಗಳು. ಒಂದರಲ್ಲಿ ಮುಂಬಾಗಿಲಿಗೆ, ಅಂದರೆ ಬರುವ ಕೋರಿಕೆಗಳನ್ನು ಮೊದಲು ಬರಮಾಡಿಕೊಳ್ಳಲು, ಎನ್‌ಜಿನ್‌ಎಕ್ಸ್, ಅದರ ಹಿಂದೆ ಟಾಮ್‌ಕ್ಯಾಟ್. ಇನ್ನೊಂದರಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್, ಅದಕ್ಕೆ ಎರಡು ಕೋರ್, ಅಂದರೆ ಲೆಕ್ಕ ಮಾಡುವ ಎರಡು ತಲೆ. ಟಾಮ್‌ಕ್ಯಾಟ್ ಎಂದರೆ ಜಾವಾದಲ್ಲಿ ಬರೆದ ವೆಬ್ ಅನ್ವಯಗಳನ್ನು ಓಡಿಸುವ ಮುಕ್ತ ತಂತ್ರಾಂಶ. ಸನ್ ಕಂಪನಿಯೊಳಗೆ ಹುಟ್ಟಿ 1999ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಗೆ ಬಂದದ್ದು. ಸಂಘದವರು ಹಲವು ವರ್ಷಗಳಿಂದ ಟಾಮ್‌ಕ್ಯಾಟ್ 7ರ ಮೇಲೆಯೇ ಇದ್ದರು. ಅದಕ್ಕೆ ಬೆಂಬಲ 2021ರ ಮಾರ್ಚ್ 31ರಂದೇ ನಿಂತಿತ್ತು. ಭದ್ರತೆಯ ದೃಷ್ಟಿಯಿಂದ ಇನ್ನು ಇದು ಸಲ್ಲದು ಎಂದು ಆ ಬೇಸಗೆಯ ಆರಂಭದಲ್ಲಿ ಯಾರೋ ಹೇಳಿ, 9ನೇ ಆವೃತ್ತಿಗೆ ಏರಿಸಿದ್ದರು. 10ಕ್ಕೆ ಹೋಗದಿರಲು ಕಾರಣವಿತ್ತು: 10ರಿಂದ ಮುಂದಕ್ಕೆ ‘ಜಾವಾಎಕ್ಸ್’ ಎಂದಿದ್ದ ಪ್ಯಾಕೇಜ್ ಹೆಸರುಗಳು ‘ಜಕಾರ್ತಾ’ ಆಗಿವೆ, ಹಳೆಯ ಅನ್ವಯ ಹಾಗೆಯೇ ಓಡುವುದಿಲ್ಲ.

ಮೊಬೈಲ್ ಟೋಕನ್ ಮತ್ತು ಹೊಸ ಟಾಮ್‌ಕ್ಯಾಟ್ ಒಂದೇ ಬೇಸಗೆಯಲ್ಲಿ ಬಂದದ್ದರಿಂದ ಎಲ್ಲರ ಬೆರಳೂ ಹೊಸ ಟಾಮ್‌ಕ್ಯಾಟ್ ಕಡೆಗೇ ತಿರುಗಿತ್ತು. ಈ ಶಂಕೆ ಅರ್ಧ ಸರಿ, ಅರ್ಧ ತಪ್ಪು. ಅರ್ಧ ಸರಿಯಿದ್ದ ಶಂಕೆಯಷ್ಟು ಕಾಲಹರಣ ಮಾಡಿಸುವುದು ಬೇರೊಂದಿಲ್ಲ.

ಸುಳ್ಳು ಹೇಳಿದ ಎರಡು ಅಳತೆಗಳು

ನಾನು ಹೋಗುವ ಮೊದಲೇ ಕಚೇರಿಯಲ್ಲಿ ಒಂದು ಪರೀಕ್ಷೆ ನಡೆದಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ‘ಎಬಿ’ ಎಂಬ ಅಪಾಚೆ ಬೆಂಚ್ ಸಾಧನವನ್ನು ಸಂಘದ ಮುಖಪುಟದ ಮೇಲೆ ಓಡಿಸಿ, ಸೆಕೆಂಡಿಗೆ ಸಾವಿರದ ಒಂಬೈನೂರು ಕೋರಿಕೆಗಳಿಗೆ ಉತ್ತರ ಬರುತ್ತಿದೆ ಎಂದು ಬರೆದಿಟ್ಟಿದ್ದ. ಕಾರ್ಯದರ್ಶಿಗಳು ಆ ಕಾಗದವನ್ನು ನನ್ನ ಮುಂದಿಟ್ಟು, “ಸಾವಿರದ ಒಂಬೈನೂರು ಆಗುವುದಾದರೆ ಒಂಬತ್ತಕ್ಕೆ ಬರುವ ನಮ್ಮ ಆರುನೂರು ಮಂದಿಗೆ ಏನು ಕಷ್ಟ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರವೇನೆಂದರೆ, ಮುಖಪುಟದಲ್ಲಿ ಇರುವುದು ಸಂಘದ ಲಾಂಛನ, ಅಧ್ಯಕ್ಷರ ಚಿತ್ರ ಮತ್ತು ಒಂದು ಶುಭಾಶಯ. ಅದನ್ನು ಎನ್‌ಜಿನ್‌ಎಕ್ಸ್ ತನ್ನ ಕಡತದಿಂದಲೇ ಎತ್ತಿ ಕೊಡುತ್ತದೆ. ಟಾಮ್‌ಕ್ಯಾಟ್‌ಗೆ ಸುದ್ದಿಯೇ ಹೋಗುವುದಿಲ್ಲ, ಡೇಟಾಬೇಸಿನ ಮಾತಂತೂ ದೂರ. ಅಡುಗೆಮನೆ ಎಷ್ಟು ಚುರುಕು ಎಂದು ತಿಳಿಯಲು ಜಗಲಿಯಲ್ಲಿ ಬೆಲ್ಲ–ನೀರು ಕೊಡುವವರನ್ನು ಅಳೆದ ಹಾಗೆ.

ಎರಡನೆಯ ತಪ್ಪು ಅಳತೆ ನನ್ನದೇ. ರಾತ್ರಿ ಹನ್ನೊಂದೂವರೆಗೆ, ಯಾರಿಗೂ ತೊಂದರೆಯಾಗದು ಎಂದುಕೊಂಡು, ಮನೆಯಿಂದ ಜೆಮೀಟರ್ ಎಂಬ, ನಕಲಿ ಬಳಕೆದಾರರನ್ನು ಕಳುಹಿಸಿ ಅಳೆಯುವ ಸಾಧನವನ್ನು ಓಡಿಸಿದೆ. ಇಪ್ಪತ್ತು ಬಳಕೆದಾರರು, ಒಳಗೆ ಬಂದು, ದರ ನೋಡಿ, ಟೋಕನ್ ಕಾಯ್ದಿರಿಸುವ ಪೂರ್ತಿ ಹಾದಿ. ಸರಾಸರಿ ಉತ್ತರದ ಸಮಯ 0.9 ಸೆಕೆಂಡ್. ಕೆಟ್ಟದ್ದೇನಲ್ಲ ಎಂದು ಬರೆದುಕೊಂಡೆ. ಬೆಳಗ್ಗೆ ಐದಕ್ಕೆ ಫೋನ್ ಬಂತು. ಅತ್ತ ಕಡೆ ನಮ್ಮ ತಂದೆಯವರ ವಯಸ್ಸಿನವರೊಬ್ಬರು: “ಮಾರಾಯರೇ, ನಾನು ಮಲಗಿದ್ದಾಗ ನನ್ನ ಹೆಸರಿನಲ್ಲಿ ಅಡಿಕೆಗೆ ಟೋಕನ್ ಮಾಡಿದವರು ಯಾರು?” ಪರೀಕ್ಷೆಗೆಂದು ನಾನು ಬಳಸಿದ್ದು ನಿಜವಾದ ಸದಸ್ಯರ ಪಟ್ಟಿ, ನಿಜವಾದ ಸರ್ವರ್. ನಲವತ್ತು ಮಂದಿಗೆ ನಡುರಾತ್ರಿಯ ಹೊತ್ತಿಗೆ ಟೋಕನ್ ಸಂಖ್ಯೆಯ ಎಸ್‌ಎಂಎಸ್ ಹೋಗಿತ್ತು. ಒಬ್ಬರಂತೂ ಬೆಳಗಾಗುವುದರೊಳಗೆ ಜೀಪಿಗೆ ಗೋಣಿ ತುಂಬಿಸಿಯಾಗಿತ್ತು. ಆ ನಲವತ್ತು ಟೋಕನ್‌ಗಳನ್ನು ರದ್ದು ಮಾಡುವ ಎದೆಗಾರಿಕೆ ಯಾರಿಗೂ ಬರಲಿಲ್ಲ.

ಎಸ್‌ಎಂಎಸ್ ಗದ್ದಲ ಹೇಗೂ ಮುಗಿಯಿತು. ಆದರೆ 0.9 ಸೆಕೆಂಡ್ ಎಂಬ ಅಂಕಿಯೊಳಗಿದ್ದ ಸುಳ್ಳು ಇನ್ನೂ ಸೂಕ್ಷ್ಮವಾದದ್ದು, ಅದನ್ನು ಬಿಡಿಸಿ ಹೇಳಬೇಕು. ಜೆಮೀಟರಿನಲ್ಲಿ ನಾನು ಮಾಡಿದ ಬಗೆಯ ಪರೀಕ್ಷೆಯಲ್ಲಿ ಪ್ರತಿಯೊಬ್ಬ ನಕಲಿ ಬಳಕೆದಾರನೂ ಒಂದು ಕೋರಿಕೆ ಕಳುಹಿಸಿ, ಅದಕ್ಕೆ ಉತ್ತರ ಬಂದ ಮೇಲೆಯೇ ಇನ್ನೊಂದನ್ನು ಕಳುಹಿಸುತ್ತಾನೆ. ಸರ್ವರ್ ನಿಧಾನವಾದರೆ ಅವನೂ ನಿಧಾನವಾಗುತ್ತಾನೆ. ಅಷ್ಟು ಸಭ್ಯ. ಜಾತ್ರೆಯ ಊಟದಲ್ಲಿ ಇಪ್ಪತ್ತೇ ಮಂದಿ ಉಂಡು ಎದ್ದು, ಆ ಇಪ್ಪತ್ತೇ ಮಂದಿ ಮತ್ತೆ ಪಂಕ್ತಿಗೆ ಕುಳಿತಂತೆ. ಬಾಗಿಲ ಹೊರಗೆ ಸಾಲು ಎಂದೂ ಬೆಳೆಯುವುದಿಲ್ಲ. ನಿಜವಾದ ಜಾತ್ರೆಯಲ್ಲಿ ಒಳಗಿನ ಪಂಕ್ತಿ ಎದ್ದಿದೆಯೋ ಇಲ್ಲವೋ ಎಂದು ನೋಡಿಕೊಂಡು ಬಸ್ಸಿನಿಂದ ಜನ ಇಳಿಯುವುದಿಲ್ಲ. ಒಂಬತ್ತು ಗಂಟೆಯ ಬೆಳೆಗಾರರೂ ಹಾಗೆಯೇ. ಸರ್ವರ್ ನಿಂತಿರುವಾಗ ಬರಬೇಕಾಗಿದ್ದ ಕೋರಿಕೆಗಳನ್ನು ಸಭ್ಯ ಪರೀಕ್ಷೆ ಕಳುಹಿಸುವುದೇ ಇಲ್ಲ, ಆದ್ದರಿಂದ ಅವು ಕಾಯಬೇಕಾಗಿದ್ದ ಸಮಯವೂ ಲೆಕ್ಕಕ್ಕೆ ಸೇರುವುದಿಲ್ಲ. ಗಿಲ್ ಟೆನೆ ಎಂಬ ಎಂಜಿನಿಯರ್ ಈ ದೋಷಕ್ಕೆ ‘ಕೋಆರ್ಡಿನೇಟೆಡ್ ಒಮಿಷನ್’ ಎಂದು ಹೆಸರಿಟ್ಟು, ಅದನ್ನು ತಪ್ಪಿಸಲೆಂದೇ ‘ಡಬ್ಲ್ಯುಆರ್‌ಕೆ2’ ಎಂಬ ಸಾಧನ ಮಾಡಿದರು. ಅದಕ್ಕೆ ಸೆಕೆಂಡಿಗೆ ಇಷ್ಟು ಎಂದು ಮೊದಲೇ ಹೇಳಬೇಕು. ಸರ್ವರ್ ಉತ್ತರಿಸಲಿ ಬಿಡಲಿ, ಅದು ಅಷ್ಟೇ ವೇಗದಲ್ಲಿ ಕಳುಹಿಸುತ್ತ ಹೋಗುತ್ತದೆ, ಕಾಯುವ ಸಮಯವನ್ನು ಕಳುಹಿಸಬೇಕಾಗಿದ್ದ ಗಳಿಗೆಯಿಂದಲೇ ಎಣಿಸುತ್ತದೆ.

ಮೂರನೆಯ ಬಾರಿ ಎಲ್ಲವನ್ನೂ ಹೊಸದಾಗಿ ಕಟ್ಟಿದೆ. ಬ್ಯಾಕಪ್‌ನಿಂದ ಡೇಟಾಬೇಸಿನ ಪ್ರತಿ ತೆಗೆದು, ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಅಳಿಸಿ ಬೇರೆ ತುಂಬಿದೆ. ಎಸ್‌ಎಂಎಸ್ ತಂತಿಯನ್ನು ಕತ್ತರಿಸಿದೆ, ಎರಡು ಬಾರಿ ನೋಡಿಕೊಂಡೆ. ಅಷ್ಟೇ ಗಾತ್ರದ ಎರಡು ಯಂತ್ರಗಳನ್ನು ಒಂದು ವಾರಕ್ಕೆ ಬಾಡಿಗೆಗೆ ಹಿಡಿದೆ. ಪರೀಕ್ಷೆ ಕಳುಹಿಸುವ ಯಂತ್ರವನ್ನೂ ಅದೇ ಡೇಟಾ ಸೆಂಟರಿನಲ್ಲಿ ಇಟ್ಟೆ, ಇಲ್ಲವಾದರೆ ನಾನು ಅಳೆಯುವುದು ನಮ್ಮ ಮನೆಯ ಬ್ರಾಡ್‌ಬ್ಯಾಂಡನ್ನು. ಜಾವಾ ಕೋಡು ಓಡುತ್ತ ಓಡುತ್ತ ಬಿಸಿಯಾಗಿ ವೇಗ ಪಡೆಯುವುದರಿಂದ ಮೊದಲ ಎರಡು ನಿಮಿಷದ ಅಂಕಿಗಳನ್ನು ಎಸೆದೆ. ಕೋರಿಕೆಗಳ ಮಿಶ್ರಣವನ್ನು ನಿಜವಾದ ಒಂಬತ್ತು ಗಂಟೆಯ ಲಾಗ್‌ನಿಂದ ಎತ್ತಿಕೊಂಡೆ. ಸರ್ವರ್ ಬರೆದಿಡುವ ಆ ದಿನಚರಿಯ ಪ್ರಕಾರ ಜೋರಿನ ಅರ್ಧ ನಿಮಿಷದಲ್ಲಿ ಸೆಕೆಂಡಿಗೆ ಅರುವತ್ತರಷ್ಟು ಕೋರಿಕೆಗಳು ಬರುತ್ತಿದ್ದವು. ಅರುವತ್ತು! ಇಂದಿನ ಲೆಕ್ಕದಲ್ಲಿ ಅದು ಏನೂ ಅಲ್ಲ.

ಸೆಕೆಂಡಿಗೆ ಹತ್ತು ಕಳುಹಿಸಿದಾಗ ಎಲ್ಲವೂ ಸೊಗಸು. ಇಪ್ಪತ್ತಕ್ಕೆ ಸ್ವಲ್ಪ ಏದುಸಿರು. ನಲವತ್ತಕ್ಕೆ ಏರಿಸಿದಾಗ ಮುಗಿದು ಬರುತ್ತಿದ್ದುದು ಸೆಕೆಂಡಿಗೆ ಇಪ್ಪತ್ತೆರಡು ಮಾತ್ರ. ಉಳಿದ ಹದಿನೆಂಟು ಪ್ರತಿ ಸೆಕೆಂಡಿಗೂ ಸಾಲಿಗೆ ಸೇರುತ್ತಿದ್ದವು. ಒಂದು ನಿಮಿಷ ಕಳೆಯುವಾಗ ಸಾಲಿನಲ್ಲಿ ಸಾವಿರಕ್ಕೂ ಹೆಚ್ಚು, ಹೊಸದಾಗಿ ಬಂದವನಿಗೆ ಮುಕ್ಕಾಲು ನಿಮಿಷಕ್ಕೂ ಮೀರಿದ ಕಾಯುವಿಕೆ. ಎನ್‌ಜಿನ್‌ಎಕ್ಸ್ ತನ್ನ ರೂಢಿಯಂತೆ ಹಿಂದಿನ ಸರ್ವರಿಗೆ ಅರುವತ್ತು ಸೆಕೆಂಡ್ ಕಾಯುತ್ತದೆ, ಆಮೇಲೆ 504 ಎಂಬ ದೋಷಪುಟ ತೋರಿಸುತ್ತದೆ. ಅಲ್ಲಿಯ ತನಕ ಪರದೆ ಬಿಳಿ. ಬೆಳೆಗಾರರು ಕಂಡದ್ದು ಇದನ್ನೇ. ಹಳೆಯ ಜೆಮೀಟರ್ ಅಂಕಿಯೂ ಈಗ ಅರ್ಥವಾಯಿತು: ಇಪ್ಪತ್ತು ಮಂದಿಯನ್ನು ಇಪ್ಪತ್ತೆರಡರಿಂದ ಭಾಗಿಸಿದರೆ 0.9. ವ್ಯವಸ್ಥೆಯೊಳಗಿನ ಸರಾಸರಿ ಸಂಖ್ಯೆಯೆಂದರೆ ಬರುವ ವೇಗ ಗುಣಿಸು ಉಳಿಯುವ ಸಮಯ ಎಂದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವಿದು. ನಾನು ಅಳೆದದ್ದು ಸರ್ವರಿನ ವೇಗವನ್ನಲ್ಲ, ನಾನೇ ಆರಿಸಿಕೊಂಡ ಇಪ್ಪತ್ತನ್ನು.

ಎಂಟು

ಈಗ ಟಾಮ್‌ಕ್ಯಾಟ್ ಯಂತ್ರದ ಒಳಗೆ ಇಣುಕಿದೆ. ಸಿಪಿಯು ನೂರಕ್ಕೆ ಹನ್ನೆರಡು. ಅಷ್ಟು ಜನ ಬಾಗಿಲು ಬಡಿಯುವಾಗ ಯಂತ್ರ ಅರೆನಿದ್ದೆಯಲ್ಲಿದೆ. ಪರಿಚಿತರೊಬ್ಬರು ಹೀಪ್, ಅಂದರೆ ಜಾವಾಕ್ಕೆ ಮೀಸಲಿಟ್ಟ ಸ್ಮೃತಿ, ಹೆಚ್ಚಿಸಿ ಎಂದರು. ಜಾವಾ ಸರ್ವರ್ ನಿಧಾನ ಎಂದರೆ ಹೀಪ್ ಹೆಚ್ಚಿಸಿ ಎನ್ನುವುದು ಜ್ವರಕ್ಕೆ ಕಷಾಯವಿದ್ದಂತೆ, ಯಾರು ಬೇಕಾದರೂ ಹೇಳುತ್ತಾರೆ. ಜಿಸಿ ಲಾಗ್ ತೆರೆದು ನೋಡಿದರೆ ಆ ಸ್ಮೃತಿಯ ಕಸ ಗುಡಿಸುವ ವಿರಾಮಗಳು ಕೆಲವು ಹತ್ತು ಮಿಲಿಸೆಕೆಂಡುಗಳಷ್ಟೇ. ಅದನ್ನು ಅಲ್ಲಿಗೇ ಬಿಟ್ಟೆ.

ಇಂಥ ಹೊತ್ತಿನಲ್ಲಿ ಜಾವಾ ಲೋಕದ ಅತ್ಯಂತ ಅಗ್ಗದ, ಅತ್ಯಂತ ಪ್ರಾಮಾಣಿಕ ಸಾಕ್ಷಿ ಎಂದರೆ ಥ್ರೆಡ್ ಡಂಪ್. ಥ್ರೆಡ್ ಎಂದರೆ ಒಮ್ಮೆಗೆ ಒಂದು ಕೋರಿಕೆಯನ್ನು ನಿಭಾಯಿಸುವ ಕೆಲಸಗಾರನಿದ್ದಂತೆ. ಜೆಸ್ಟ್ಯಾಕ್ ಆಜ್ಞೆ ಕೊಟ್ಟರೆ ಆ ಗಳಿಗೆಯಲ್ಲಿ ಪ್ರತಿ ಥ್ರೆಡ್ ಎಲ್ಲಿ ನಿಂತಿದೆ ಎಂದು ಛಾಯಾಚಿತ್ರ ತೆಗೆದುಕೊಟ್ಟಂತೆ ಬರೆದುಕೊಡುತ್ತದೆ. ಒಂದೇ ಚಿತ್ರದಿಂದ ಮೋಸ ಹೋಗಬಹುದು ಎಂದು ಹತ್ತು ಸೆಕೆಂಡುಗಳ ಅಂತರದಲ್ಲಿ ಮೂರು ತೆಗೆದೆ. ಟಾಮ್‌ಕ್ಯಾಟ್‌ನಲ್ಲಿ ಕೋರಿಕೆ ನಿಭಾಯಿಸುವ ಥ್ರೆಡ್‌ಗಳಿಗೆ ಮಿತಿ, ನಾವು ಬದಲಿಸದಿದ್ದರೆ, ಇನ್ನೂರು. ಮೂರೂ ಚಿತ್ರಗಳಲ್ಲಿ ಇನ್ನೂರೂ ಕೆಲಸದಲ್ಲಿದ್ದವು, ಹೆಸರಿಗೆ ಮಾತ್ರ. ನೂರ ತೊಂಬತ್ತೆರಡು ಒಂದೇ ಜಾಗದಲ್ಲಿ ನಿಂತಿದ್ದವು: ಡೇಟಾಬೇಸ್ ಸಂಪರ್ಕವನ್ನು ಪೂಲಿನಿಂದ, ಅಂದರೆ ತೆರೆದಿಟ್ಟ ಸಂಪರ್ಕಗಳ ಕಣಜದಿಂದ, ಎರವಲು ಪಡೆಯುವ ಬಾಗಿಲಲ್ಲಿ. ಎಂಟು ಮಾತ್ರ ಡೇಟಾಬೇಸಿನೊಂದಿಗೆ ಮಾತಾಡುತ್ತಿದ್ದವು.

ಎಂಟು ಎಂಬ ಸಂಖ್ಯೆ ನನ್ನನ್ನು ಕುಟುಕಿತು. ಸಂರಚನೆಯ ಕಡತದಲ್ಲಿ ಪೂಲಿನ ಗಾತ್ರ ನೂರು ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗಾದರೆ ಎಂಟು ಎಲ್ಲಿಂದ ಬಂತು? ಟಾಮ್‌ಕ್ಯಾಟ್ ಏಳುವಾಗ ಬರೆಯುವ ಲಾಗನ್ನು ಮೊದಲಿನಿಂದ ಓದಿದೆ. ಯಾರೂ ಓದದ ಆ ಸಾಲುಗಳ ನಡುವೆ ಒಂದು ಎಚ್ಚರಿಕೆ ಇತ್ತು: ‘ಮ್ಯಾಕ್ಸ್‌ಆಕ್ಟಿವ್’ ಎಂಬ ಗುಣ ಡಿಬಿಸಿಪಿ2ರಲ್ಲಿ ಬಳಕೆಯಲ್ಲಿಲ್ಲ, ‘ಮ್ಯಾಕ್ಸ್‌ಟೋಟಲ್’ ಬಳಸಿ, ಅದರ ಪೂರ್ವನಿಗದಿ ಬೆಲೆ 8, ನೀವು ಕೊಟ್ಟ 100ನ್ನು ಕಡೆಗಣಿಸಲಾಗಿದೆ. ಟಾಮ್‌ಕ್ಯಾಟ್ 7ರ ಕಾಲದ ಪೂಲ್ ತಂತ್ರಾಂಶ 8ನೇ ಆವೃತ್ತಿಯಿಂದ ಡಿಬಿಸಿಪಿ2 ಆಗಿ ಬದಲಾಗಿ, ಅದರೊಂದಿಗೆ ಗುಣಗಳ ಹೆಸರೂ ಬದಲಾಗಿತ್ತು. ಹಳೆಯ ಕಡತವನ್ನು ಹಾಗೆಯೇ ನಕಲು ಮಾಡಿಟ್ಟದ್ದರಿಂದ ನೂರು ಹೋಗಿ ಎಂಟಾಗಿತ್ತು.

ಅದರ ಜೊತೆಗೇ ಇನ್ನೊಂದು ಹೆಸರೂ ಬದಲಾಗಿತ್ತು. ‘ಮ್ಯಾಕ್ಸ್‌ವೇಟ್’ ಹೋಗಿ ‘ಮ್ಯಾಕ್ಸ್‌ವೇಟ್‌ಮಿಲಿಸ್’ ಬಂದಿತ್ತು. ಹಳೆಯದರಲ್ಲಿ ಹತ್ತು ಸೆಕೆಂಡ್ ಕಾದು ಸಂಪರ್ಕ ಸಿಗದಿದ್ದರೆ ದೋಷ ತೋರಿಸಿ ಬಿಡುಗಡೆ ಎಂದಿತ್ತು. ಹೊಸದರ ಪೂರ್ವನಿಗದಿ, ಅಪರಿಮಿತ ಕಾಲ ಕಾಯುವುದು. ಇದರ ಪರಿಣಾಮ ಕ್ರೂರ. ಬೆಳೆಗಾರರು ಬಿಳಿ ಪರದೆ ನೋಡಿ ಬೇಸತ್ತು ಪುಟವನ್ನು ಮತ್ತೆ ತೆರೆಯುತ್ತಾರೆ. ಮೊದಲ ಕೋರಿಕೆಯ ಹಿಂದೆ ಈಗ ಯಾರೂ ಇಲ್ಲ, ಆದರೆ ಪೂಲಿನ ಬಾಗಿಲಲ್ಲಿ ನಿಂತ ಥ್ರೆಡ್‌ಗೆ ಅದು ತಿಳಿಯುವುದಿಲ್ಲ. ಅದು ತನ್ನ ಸರದಿಗೆ ಕಾದು, ಸಂಪರ್ಕ ಪಡೆದು, ಲೆಕ್ಕ ಮಾಡಿ, ಯಾರೂ ಓದದ ಪುಟವೊಂದನ್ನು ಸಿದ್ಧಪಡಿಸುತ್ತದೆ. ಒಬ್ಬನೇ ಮನುಷ್ಯನ ಹೆಸರಿನಲ್ಲಿ ಸಾಲಿನಲ್ಲಿ ಐದು ಮಂದಿ. ಅವರಲ್ಲಿ ನಾಲ್ವರು ಎದ್ದು ಹೋದವರು.

ಸಿಕ್ಕಿತು ಎಂದುಕೊಂಡೆ. ಕಾರ್ಯದರ್ಶಿಗಳಿಗೆ ಫೋನ್ ಮಾಡಿ, “ಒಂದು ಪದ ಬದಲಿಸಿದರೆ ಸಾಕು” ಎಂದು ಹೇಳಿಬಿಟ್ಟೆ. ಇಷ್ಟು ಚಂದದ ಕಾರಣ ಸಿಕ್ಕಿದಾಗ ಮತ್ತೆ ಅಳೆದು ನೋಡುವ ಬುದ್ಧಿ ಬರುವುದಿಲ್ಲ. ಭಾನುವಾರ ರಾತ್ರಿ ನಿಜವಾದ ಸರ್ವರಿನಲ್ಲೇ ಮ್ಯಾಕ್ಸ್‌ಟೋಟಲ್ ನೂರು ಮಾಡಿ, ಮರುಪ್ರಾರಂಭ ಮಾಡಿ, ಸಮಾಧಾನದಿಂದ ಮಲಗಿದೆ.

ಸೋಮವಾರ ಒಂಬತ್ತಕ್ಕೆ ಪುಟ ಬಿಳಿಯಾಯಿತು. ಹಿಂದಿಗಿಂತ ಬೇಗ.

ನೋಡದೆ ಬಿಟ್ಟ ಎಂಟು

ಮತ್ತೆ ಪರೀಕ್ಷೆಯ ಯಂತ್ರಗಳಿಗೆ ಮರಳಿದೆ. ಪೂಲ್ ಎಂಟಿದ್ದಾಗ ಸೆಕೆಂಡಿಗೆ ಇಪ್ಪತ್ತೆರಡು. ನೂರು ಮಾಡಿದಾಗ ಹತ್ತೊಂಬತ್ತು. ಬಾಗಿಲನ್ನು ಹನ್ನೆರಡು ಪಟ್ಟು ಅಗಲ ಮಾಡಿದರೆ ಹಾದುಹೋಗುವವರು ಕಡಿಮೆಯಾಗಿದ್ದರು. ಆಗ ಮಾತ್ರ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆ: ಡೇಟಾಬೇಸ್ ಯಂತ್ರದ ಸಿಪಿಯು ನೋಡಿದೆ. ನೂರಕ್ಕೆ ನೂರು. ಪೂಲ್ ಎಂಟಿದ್ದಾಗಲೂ ಅದು ನೂರಕ್ಕೆ ನೂರೇ ಇತ್ತು. ಅದರ ನಕ್ಷೆ ಬಾಡಿಗೆ ಕಂಪನಿಯ ಫಲಕದಲ್ಲಿ ಬೇರೊಂದು ಪುಟದಲ್ಲಿತ್ತು, ನಾನು ಆ ಪುಟ ತೆರೆದಿರಲಿಲ್ಲ. ಇದಕ್ಕಿಂತ ದೊಡ್ಡ ವಿವರಣೆ ನನ್ನಲ್ಲಿಲ್ಲ.

ಥ್ರೆಡ್ ಡಂಪ್ ಕೂಡ ಇದನ್ನು ಹೇಳಿತ್ತು. ಕಾಯುತ್ತಿದ್ದ ನೂರ ತೊಂಬತ್ತೆರಡನ್ನು ನಾನು ನೋಡಿದೆ, ಒಳಗಿದ್ದ ಎಂಟನ್ನು ನೋಡಲಿಲ್ಲ. ಆ ಎಂಟು ಥ್ರೆಡ್‌ಗಳ ಸ್ಥಿತಿ ‘ರನ್ನೆಬಲ್’ ಎಂದಿತ್ತು, ಅಂದರೆ ಓಡುತ್ತಿದೆ. ಜಾವಾದ ಒಂದು ಹಳೆಯ ಗೊಂದಲವಿದು. ನೆಟ್‌ವರ್ಕ್ ತುದಿಯಿಂದ ಉತ್ತರ ಬರಲೆಂದು ಸುಮ್ಮನೆ ಕುಳಿತ ಥ್ರೆಡ್ ಅನ್ನೂ ಅದು ಓಡುತ್ತಿದೆ ಎಂದೇ ಬರೆಯುತ್ತದೆ. ಕೆಳಗಿನ ಸಾಲಿನಲ್ಲಿ ‘ಸಾಕೆಟ್‌ರೀಡ್’ ಎಂದು ಕಂಡರೆ, ಅದು ಓಡುತ್ತಿಲ್ಲ, ಡೇಟಾಬೇಸಿನ ಬಾಯಿ ನೋಡುತ್ತಿದೆ ಎಂದು ಓದಿಕೊಳ್ಳಬೇಕು. ಮೂರೂ ಚಿತ್ರಗಳಲ್ಲಿ ಆ ಎಂಟೂ ಒಂದೇ ಪ್ರಶ್ನೆ ಕೇಳಿ ಕುಳಿತಿದ್ದವು. ಟೋಕನ್ ಕಾಯ್ದಿರಿಸುವ ಪ್ರಶ್ನೆಯಲ್ಲ. ಪ್ರತಿ ಪುಟದ ಮೇಲ್ಭಾಗದಲ್ಲಿ ‘ಈ ವರ್ಷ ನೀವು ಹಾಕಿದ ಅಡಿಕೆ ಇಷ್ಟು ಕಿಲೋ’ ಎಂದು ತೋರಿಸುವ ಒಂದು ಪಟ್ಟಿಯಿತ್ತು. ಅದರ ಪ್ರಶ್ನೆ.

ಯಾವ ಪ್ರಶ್ನೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಯಲು ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನ ಪ್ರಶ್ನೆಗಳ ಲಾಗ್ ಇದೆ. ಅದು ಮೊದಲಿಗೆ ಮುಚ್ಚಿಯೇ ಇರುತ್ತದೆ. ತೆರೆದರೂ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದದ್ದನ್ನು ಮಾತ್ರ ಬರೆಯುತ್ತದೆ. ನಾನು ಮಿತಿಯನ್ನು 0.05 ಸೆಕೆಂಡಿಗೆ ಇಳಿಸಿದೆ, ಪರೀಕ್ಷೆ ಓಡಿಸಿದೆ. ಲಾಗ್ ಖಾಲಿ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಹೀಗೆ ಸಾರ್ವತ್ರಿಕವಾಗಿ ಬದಲಿಸಿದ ಮಿತಿ ಆಮೇಲೆ ಹುಟ್ಟುವ ಸಂಪರ್ಕಗಳಿಗೆ ಮಾತ್ರ ಅನ್ವಯಿಸುತ್ತದೆ. ಪೂಲಿನ ಉದ್ದೇಶವೇ ಹಳೆಯ ಸಂಪರ್ಕಗಳನ್ನು ಸಾಯಲು ಬಿಡದಿರುವುದು. ಅವೆಲ್ಲ ಹತ್ತು ಸೆಕೆಂಡಿನ ಹಳೆಯ ಮಿತಿಯನ್ನೇ ಹಿಡಿದುಕೊಂಡಿದ್ದವು. ಟಾಮ್‌ಕ್ಯಾಟ್ ಅನ್ನು ಮರುಪ್ರಾರಂಭ ಮಾಡಿದ ತಕ್ಷಣ ಲಾಗ್ ಉಕ್ಕಿ ಹರಿಯಿತು, ಎಲ್ಲವೂ ಅದೇ ಅಡಿಕೆಯ ಮೊತ್ತದ ಪ್ರಶ್ನೆ.

ಯಂತ್ರ ಬಿಡುವಾಗಿದ್ದಾಗ ಆ ಪ್ರಶ್ನೆ ಒಂದಕ್ಕೆ ತೊಂಬತ್ತು ಮಿಲಿಸೆಕೆಂಡ್. ಕೇಳಲು ಸಣ್ಣದು. ಆದರೆ ಅದು ಪೂರ್ತಿ ಸಿಪಿಯು ಕೆಲಸ. ಒಂದು ಕೋರ್ ಸೆಕೆಂಡಿಗೆ ಹನ್ನೊಂದನ್ನು ಮುಗಿಸೀತು, ಎರಡು ಕೋರ್ ಇಪ್ಪತ್ತೆರಡನ್ನು. ನಾನು ಒಂದು ವಾರದಿಂದ ಬೆನ್ನಟ್ಟಿದ್ದ ಇಪ್ಪತ್ತೆರಡು ಇಲ್ಲಿ ಕುಳಿತಿತ್ತು. ಪೂಲ್ ಎಂಟಿರಲಿ ನೂರಿರಲಿ, ಅದು ಕದಲುವಂತಿರಲಿಲ್ಲ. ಎಂಟಿದ್ದಾಗ ಸಾಲು ಟಾಮ್‌ಕ್ಯಾಟ್ ಅಂಗಳದಲ್ಲಿ ನಿಲ್ಲುತ್ತಿತ್ತು. ನೂರು ಮಾಡಿ ನಾನು ಅದನ್ನು ಡೇಟಾಬೇಸಿನ ಅಂಗಳಕ್ಕೆ ಸಾಗಿಸಿದ್ದೆ. ಅಲ್ಲಿ ನೂರು ಪ್ರಶ್ನೆಗಳು ಎರಡು ಕೋರ್‌ಗಳಿಗಾಗಿ ಕಿತ್ತಾಡಿ, ಮೊದಲು ಹೇಗೋ ನುಸುಳಿ ಹೋಗುತ್ತಿದ್ದ ಟೋಕನ್ ಬರೆಯುವ ಪ್ರಶ್ನೆಗಳನ್ನೂ ಸಿಕ್ಕಿಸಿಕೊಂಡಿದ್ದವು. ಮರೆವಿನಿಂದ ಬಂದ ಆ ಎಂಟು ಅಲ್ಲಿಯ ತನಕ ಡೇಟಾಬೇಸನ್ನು ಕಾಪಾಡಿತ್ತು ಎಂದರೂ ಸುಳ್ಳಲ್ಲ.

ಸರಿ, ತೊಂಬತ್ತು ಮಿಲಿಸೆಕೆಂಡ್ ಯಾಕೆ? ಒಬ್ಬ ಬೆಳೆಗಾರನ ಒಂದು ವರ್ಷದ ತೂಕದ ಚೀಟಿಗಳು ಹತ್ತೋ ಹನ್ನೆರಡೋ. ಸದಸ್ಯ ಸಂಖ್ಯೆಯ ಮೇಲೆ ಇಂಡೆಕ್ಸ್, ಅಂದರೆ ಬೇಕಾದ ದಾಖಲೆಗೆ ನೇರವಾಗಿ ಹೋಗಲು ಸೂಚಿ, ಕೂಡ ಇತ್ತು. ಡೇಟಾಬೇಸ್ ಉತ್ತರ ಹುಡುಕುವ ಬಗೆಯನ್ನು ತೋರಿಸುವ ಎಕ್ಸ್‌ಪ್ಲೇನ್ ಆಜ್ಞೆ ಕೊಟ್ಟು ನೋಡಿದರೆ, ಬಳಸಬಹುದಾದ ಇಂಡೆಕ್ಸ್ ಎಂದು ಅದರ ಹೆಸರು ಬರೆದು, ಬಳಸಿದ ಇಂಡೆಕ್ಸ್ ಎಂಬಲ್ಲಿ ಖಾಲಿ ಬಿಟ್ಟಿತ್ತು. ಮೂರೂವರೆ ಲಕ್ಷಕ್ಕೂ ಮಿಕ್ಕಿದ ದಾಖಲೆಗಳನ್ನು ಮೊದಲಿಂದ ಕೊನೆಯ ತನಕ ಓದುತ್ತಿತ್ತು. ಬಳಿಕ ಎಚ್ಚರಿಕೆಗಳನ್ನು ತೋರಿಸು ಎಂದಾಗ ಕಾರಣ ಹೊರಬಿತ್ತು: ಪ್ರಕಾರ ಪರಿವರ್ತನೆಯ ದೆಸೆಯಿಂದ ಇಂಡೆಕ್ಸ್ ಬಳಸಲಾಗದು.

ಇದರ ಬೇರು ಸಂಘದ ಹಳೆಯ ಲೆಡ್ಜರಿನಲ್ಲಿದೆ. ಅದರಲ್ಲಿ ಸದಸ್ಯ ಸಂಖ್ಯೆಯನ್ನು 00417 ಎಂದು ಐದು ಅಂಕಿಗಳಲ್ಲಿ ಬರೆಯುತ್ತಿದ್ದರು. ಮೊದಲ ಸೊನ್ನೆಗಳು ಉಳಿಯಬೇಕೆಂದು ಡೇಟಾಬೇಸಿನಲ್ಲಿ ಅದನ್ನು ಪಠ್ಯವಾಗಿ ಇಟ್ಟರು. ಆದರೆ ಜನ ಬರೆಯುವುದು 417 ಎಂದು. ಎರಡು ವರ್ಷಗಳ ಹಿಂದೆ ಪುಟದ ಮೇಲ್ಭಾಗದ ಆ ಪಟ್ಟಿಯನ್ನು ಸೇರಿಸಿದವರು ಒಂದು ಉಪಾಯ ಮಾಡಿದ್ದರು: ಸಂಖ್ಯೆಯನ್ನು ಸಂಖ್ಯೆಯಾಗಿಯೇ ಕಳುಹಿಸಿದರೆ ಮೈಎಸ್‌ಕ್ಯೂಎಲ್ ಪಠ್ಯವನ್ನೂ ಸಂಖ್ಯೆಯಾಗಿ ಓದಿ ಹೋಲಿಸುತ್ತದೆ, 00417 ಮತ್ತು 417 ಒಂದೇ ಆಗುತ್ತವೆ. ಉತ್ತರ ಸರಿಯಾಗಿ ಬಂತು, ಆದ್ದರಿಂದ ಯಾರೂ ಮತ್ತೆ ನೋಡಲಿಲ್ಲ. ಆದರೆ ಇಂಡೆಕ್ಸ್ ಕಟ್ಟಿರುವುದು ಪಠ್ಯದ ಕ್ರಮದಲ್ಲಿ. ಸಂಖ್ಯೆಯಾಗಿ ಹೋಲಿಸಬೇಕೆಂದರೆ ಪ್ರತಿ ದಾಖಲೆಯನ್ನೂ ತೆರೆದು, ಪಠ್ಯವನ್ನು ಸಂಖ್ಯೆ ಮಾಡಿಯೇ ನೋಡಬೇಕು. ಪ್ರತಿ ಪುಟಕ್ಕೆ, ಪ್ರತಿ ಸದಸ್ಯನಿಗೆ, ಮೂರೂವರೆ ಲಕ್ಷ ಬಾರಿ.

ಉತ್ತರ ಸರಿಯಾಗಿ ಬಂತು ಎಂದೆ. ಪೂರ್ತಿ ಸರಿಯಲ್ಲ. ಹಿಂದೊಮ್ಮೆ ಪಕ್ಕದ ಸಣ್ಣ ಸಂಘವೊಂದು ಇದರಲ್ಲಿ ವಿಲೀನವಾದಾಗ ಅಲ್ಲಿಯ ನಲವತ್ತರಷ್ಟು ಸದಸ್ಯರಿಗೆ ‘ಬಿ-112’ ಎಂಬಂಥ ಸಂಖ್ಯೆ ಕೊಟ್ಟಿದ್ದರು. ಅಕ್ಷರದಿಂದ ಆರಂಭವಾಗುವ ಪಠ್ಯವನ್ನು ಸಂಖ್ಯೆ ಮಾಡು ಎಂದರೆ ಮೈಎಸ್‌ಕ್ಯೂಎಲ್ ಸೊನ್ನೆ ಎನ್ನುತ್ತದೆ. ಅನ್ವಯವೂ ‘ಬಿ-112’ ಅನ್ನು ಸಂಖ್ಯೆ ಮಾಡಲಾಗದೆ ಸೊನ್ನೆಯನ್ನೇ ಕಳುಹಿಸುತ್ತಿತ್ತು. ಸೊನ್ನೆಗೆ ಸೊನ್ನೆ ಸಮ. ಹೀಗಾಗಿ ಆ ನಲವತ್ತು ಮಂದಿಯಲ್ಲಿ ಯಾರು ಒಳಗೆ ಬಂದರೂ ನಲವತ್ತು ಮಂದಿಯ ಅಡಿಕೆಯ ಒಟ್ಟು ಮೊತ್ತ ಅವರ ಹೆಸರಿನಲ್ಲಿ ಕಾಣುತ್ತಿತ್ತು. ಗುಮಾಸ್ತೆಗೆ ಇದನ್ನು ಹೇಳಿದಾಗ ಅವರು ತಲೆಗೆ ಕೈ ಹೊತ್ತರು. “ಅಣ್ಣ, ಒಬ್ಬರು ಬಂದು ನನ್ನ ಹೆಸರಿನಲ್ಲಿ ಹದಿನಾರು ಟನ್ ಇದೆಯಲ್ಲ, ಹಣ ಯಾವಾಗ ಎಂದು ಕೇಳಿದ್ದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕು ಕಳುಹಿಸಿದ್ದೆ.” ವೇಗದ ದೋಷ ಹುಡುಕಲು ಹೋಗಿ ಲೆಕ್ಕದ ದೋಷ ಸಿಕ್ಕಿತ್ತು, ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡದು. ಹಣ ಪಾವತಿಯ ಲೆಕ್ಕ ಬೇರೆ ಕಡೆ ನಡೆಯುತ್ತಿದ್ದುದರಿಂದ ಸಂಘ ಬಚಾವಾಯಿತು.

ಬದಲಿಸಿದ್ದು ಏನೇನು

ಮುಖ್ಯವಾದ ತಿದ್ದುಪಡಿ ಎರಡು ಸಾಲಿನದು. ಸದಸ್ಯ ಸಂಖ್ಯೆಗೆ ಎಡಗಡೆ ಸೊನ್ನೆ ತುಂಬಿ ಐದು ಅಂಕಿ ಮಾಡಿ, ಪಠ್ಯವಾಗಿಯೇ ಕಳುಹಿಸುವುದು. ‘ಬಿ’ ಇದ್ದರೆ ಮುಟ್ಟದೆ ಹಾಗೆಯೇ ಕಳುಹಿಸುವುದು. ಎಕ್ಸ್‌ಪ್ಲೇನ್ ಈಗ ನೂರಿಪ್ಪತ್ತರಷ್ಟು ದಾಖಲೆ ಓದುತ್ತೇನೆ ಎಂದಿತು. ಪ್ರಶ್ನೆ ತೊಂಬತ್ತರಿಂದ ಒಂದು ಮಿಲಿಸೆಕೆಂಡಿಗೆ ಇಳಿಯಿತು.

ಈ ಬಾರಿ ಫೋನ್ ಮಾಡುವ ಮೊದಲು ಅಳೆದೆ. ನಲವತ್ತು, ಅರುವತ್ತು, ಕೊನೆಗೆ ಸೆಕೆಂಡಿಗೆ ನೂರೈವತ್ತರಂತೆ ಹತ್ತು ನಿಮಿಷ. ನೂರರಲ್ಲಿ ತೊಂಬತ್ತೊಂಬತ್ತು ಕೋರಿಕೆಗಳಿಗೆ ಎಂಬತ್ತು ಮಿಲಿಸೆಕೆಂಡಿನೊಳಗೆ ಉತ್ತರ. ಅದಕ್ಕಿಂತ ಮೇಲೆ ಏರಿಸಿ ದಾಖಲೆ ಮಾಡುವ ಚಪಲ ನನಗಿರಲಿಲ್ಲ, ಬೇಕಾಗಿದ್ದದ್ದು ಅರುವತ್ತು. ಪೂಲಿನಲ್ಲಿ ಒಮ್ಮೆಗೆ ಬಳಕೆಯಲ್ಲಿದ್ದ ಸಂಪರ್ಕಗಳು ಆರನ್ನು ಮೀರಲಿಲ್ಲ. ಅಂದರೆ, ಪ್ರಶ್ನೆ ಸರಿಯಿದ್ದರೆ ಎಂಟೂ ಸಾಕಾಗುತ್ತಿತ್ತು. ಆದರೂ ಮ್ಯಾಕ್ಸ್‌ಟೋಟಲ್ ಇಪ್ಪತ್ತು ಎಂದು ಬರೆದೆ. ಮರೆತು ಸಿಕ್ಕಿದ ಎಂಟರ ಮೇಲೆ ನನಗೆ ಭರವಸೆಯಿಲ್ಲ. ಸಂಪರ್ಕಕ್ಕೆ ಕಾಯುವ ಮಿತಿಯನ್ನು ಮೂರು ಸೆಕೆಂಡ್ ಮಾಡಿದೆ. ಅಷ್ಟರಲ್ಲಿ ಸಿಗದಿದ್ದರೆ ‘ದಟ್ಟಣೆಯಿದೆ, ಅರ್ಧ ನಿಮಿಷ ಬಿಟ್ಟು ಬನ್ನಿ’ ಎಂದು ಕನ್ನಡ ಮತ್ತು ಮಲಯಾಳಂನಲ್ಲಿ ಒಂದು ಪುಟ ಬರುತ್ತದೆ. ಬಿಳಿ ಪರದೆಗಿಂತ ಅದು ಮರ್ಯಾದೆ. ಥ್ರೆಡ್‌ಗಳ ಇನ್ನೂರನ್ನು ಮುಟ್ಟಲಿಲ್ಲ, ಹೀಪನ್ನೂ ಮುಟ್ಟಲಿಲ್ಲ.

ಪ್ರವೇಶದ ಲಾಗ್‌ಗೆ ಒಂದು ಗುರುತು ಸೇರಿಸಿದೆ: ಶೇಕಡಾ ಚಿಹ್ನೆಯ ಮುಂದೆ ಡಿ. ಟಾಮ್‌ಕ್ಯಾಟ್ ಜೊತೆಗೆ ಬರುವ ಮಾದರಿ ಕಡತದಲ್ಲಿ ಇದು ಇರುವುದಿಲ್ಲ, ಆದ್ದರಿಂದ ಯಾವ ಕೋರಿಕೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದೇ ಲಾಗ್‌ನಲ್ಲಿ ಬರುವುದಿಲ್ಲ. ಇದೊಂದು ಮೊದಲೇ ಇದ್ದಿದ್ದರೆ ನನ್ನ ಅರ್ಧ ವಾರ ಉಳಿಯುತ್ತಿತ್ತು. 9ರಲ್ಲಿ ಅದು ಮಿಲಿಸೆಕೆಂಡ್ ಬರೆಯುತ್ತದೆ, 10ರಿಂದ ಮೈಕ್ರೋಸೆಕೆಂಡ್. ಮುಂದೆ ಏರಿಸುವವರು ಸಾವಿರ ಪಟ್ಟು ನಿಧಾನವಾಯಿತೆಂದು ಹೌಹಾರದಿರಲಿ ಎಂದು ಕಡತದಲ್ಲೇ ಟಿಪ್ಪಣಿ ಬರೆದಿಟ್ಟೆ.

ಟೋಕನ್ ತೆರೆಯುವ ಸಮಯವನ್ನು ಪಂಚಾಯತ್‌ವಾರು ಹತ್ತು ಹತ್ತು ನಿಮಿಷ ಬೇರೆ ಬೇರೆ ಮಾಡಿದರೆ ಒತ್ತಡವೇ ಇರುವುದಿಲ್ಲ ಎಂದೂ ಸೂಚಿಸಿದ್ದೆ. ಯಾವ ಪಂಚಾಯತ್ ಮೊದಲು ಎಂಬಲ್ಲಿಗೆ ಆಡಳಿತ ಮಂಡಳಿಯ ಚರ್ಚೆ ನಿಂತಿತು, ಇಂದಿಗೂ ನಿಂತೇ ಇದೆ.

ತಿದ್ದುಪಡಿ ಹಾಕಿದ ಮರುದಿನ ಒಂಬತ್ತಕ್ಕೆ ನಾನು ಕಚೇರಿಯಲ್ಲೇ ಕುಳಿತಿದ್ದೆ. ಒಂಬತ್ತು ಗಂಟೆ ಎರಡು ನಿಮಿಷಕ್ಕೆ ನೂರೈವತ್ತು ಟೋಕನ್‌ಗಳೂ ಮುಗಿದವು. ಫೋನ್ ಒಂದೂ ಬರಲಿಲ್ಲ. ಗುಮಾಸ್ತೆ ಚಹಾ ತರಿಸಿದರು. ಅದರ ಮರುದಿನ ಬೆಳಗ್ಗೆ ಹತ್ತೂವರೆಗೆ ಕಾರ್ಯದರ್ಶಿಗಳ ಕರೆ. ಮೊದಲೆಲ್ಲ ಪುಟ ತಡೆತಡೆದು ತೆರೆಯುತ್ತಿದ್ದುದರಿಂದ ಜನ ಸಿಕ್ಕಿದ ಹೊತ್ತಿಗೆ ಟೋಕನ್ ಮಾಡುತ್ತಿದ್ದರು. ಈಗ ಬೇಕಾದ ಹೊತ್ತನ್ನು ಆರಿಸಿಕೊಳ್ಳಲು ಸಾಧ್ಯವಾದ್ದರಿಂದ ಬಹುತೇಕ ಎಲ್ಲರೂ ಹತ್ತು ಗಂಟೆಯನ್ನೇ ಆರಿಸಿದ್ದರು. ಗೋದಾಮಿನ ಗೇಟಿನಿಂದ ಮುಖ್ಯರಸ್ತೆಯ ತಿರುವಿನ ತನಕ ಜೀಪು, ಪಿಕಪ್, ಆಟೋ.

“ಬನ್ನಿ ಮಾರಾಯರೇ,” ಎಂದರು, “ತಕ್ಕಡಿ ಎರಡೇ ಇರುವುದು.”